ಗುಹೆ ಸಿನಿಮಾಗಳಲ್ಲಿ ನನಗೆ ಇದೇ ಮೇಲು: ‘ಥರ್ಟೀನ್ ಲೈವ್ಸ್’

ಕೋಲಾರದ ಹುಡುಗರಿಗೆ ಗುಹೆ ಅಂದರೆ ಅಂತರಗಂಗೆ. ಬಸವನ ಬಾಯಿಂದ ಬೀಳೋ ನೀರು ಕುಡಿದು, ಕೋತಿಗಳ ಕೈಯಿಂದ ತಿಂಡಿ ಪೊಟ್ಟಣ ಉಳಿಸಿಕೊಂಡು, ತೇರಹಳ್ಳಿ ಕಡೆ ಹತ್ತುತ್ತಾ ಸಿಕ್ಕಿದ ಬಂಡೆ ಸಂದಿಗೆಲ್ಲ ನುಗ್ಗೋದು. ಪಿಯುಸಿ ಓದುವಾಗ ಅಂಥ ಒಂದು ಸಂದಿಯಲ್ಲಿ ನಾನು ಸಿಕ್ಕಿಕೊಂಡಿದ್ದೆ. ಎದೆ ಒಂದು ಬಂಡೆಗೆ, ಬೆನ್ನು ಇನ್ನೊಂದಕ್ಕೆ. ಉಸಿರು ಎಳೆದರೆ ಕಲ್ಲು ಬಿಗಿಯುತ್ತೆ, ಬಿಟ್ಟರೆ ಒಂದು ಬೆರಳಷ್ಟು ಸಡಿಲ. ಹಿಂದಿದ್ದ ಗೆಳೆಯ ಕಾಲು ಹಿಡಿದುಕೊಂಡು, “ಪೂರ್ತಿ ಉಸಿರು ಬಿಡು, ಬಿಟ್ಟಾಗ ಎಳೀತೀನಿ” ಅಂದ. ಹಾಗೆ ನಾಲ್ಕೈದು ಸಲ ಎಳೆದ ಮೇಲೆ ಹೊರಗೆ ಬಂದೆ. ಅಂಗಿಯಲ್ಲಿ ಒಂದು ಗುಂಡಿಯೂ ಉಳಿದಿರಲಿಲ್ಲ. ಒಳಗಿದ್ದದ್ದು ಐದು ನಿಮಿಷ ಇರಬಹುದು. ಅವತ್ತಿನಿಂದ ಗುಹೆಯ ಸಿನಿಮಾ ಯಾವುದು ಬಂದರೂ ನೋಡುತ್ತೇನೆ, ನೋಡುವಾಗ ಮೊದಲು ಕಿವಿ ಹೋಗುವುದು ಉಸಿರಿನ ಸದ್ದಿಗೆ.

‘ಥರ್ಟೀನ್ ಲೈವ್ಸ್’ 2022ರದ್ದು, ನಿರ್ದೇಶಕ ರಾನ್ ಹೋವರ್ಡ್. ಪ್ರೈಮ್ ವಿಡಿಯೋದಲ್ಲಿ ಮನೆಯವರೆಲ್ಲ ಕೂತು ನೋಡಿದೆವು. ಕಥೆ ಎಲ್ಲರಿಗೂ ಗೊತ್ತಿರುವುದೇ. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಗೆ ಫುಟ್‌ಬಾಲ್ ತಂಡದ 12 ಹುಡುಗರು, ಅವರ ಕೋಚು ಹೋದರು. ಮಳೆ ಹಿಡಿಯಿತು, ವಾಪಸ್ ಬರುವ ದಾರಿ ನೀರಲ್ಲಿ ಮುಳುಗಿತು. ಜುಲೈ 2ಕ್ಕೆ ಇಬ್ಬರು ಬ್ರಿಟಿಷ್ ಮುಳುಗುಗಾರರು ಅವರನ್ನು ಪತ್ತೆ ಮಾಡಿದರು, ಜುಲೈ 10ಕ್ಕೆ ಹದಿಮೂರೂ ಜನ ಹೊರಗೆ. ಕೊನೆ ಏನು ಅಂತ ಗೊತ್ತಿದ್ದೂ ನನ್ನ ಅಂಗೈ ಬೆವೆತಿತ್ತು.

ನಾನು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡುವವನು. 1200 ಅಡಿ ಕೆಳಗಿಂದ ಒಂದೂವರೆ ಇಂಚು ನೀರು ಬಂದರೆ ಪೂಜೆ ಮಾಡುವ ಜಿಲ್ಲೆ ನಮ್ಮದು. ಅದಕ್ಕೇ ಇರಬೇಕು, ಈ ಸಿನಿಮಾದಲ್ಲಿ ಮುಳುಗುಗಾರರಿಗಿಂತ ಮೊದಲು ನನ್ನ ಕಣ್ಣು ಹೋಗಿದ್ದು ನೀರು ಹೊರಹಾಕುವವರ ಮೇಲೆ. ಅಂತರಗಂಗೆಯದು ಗಟ್ಟಿ ಕಲ್ಲಿನ ಗುಂಡು ಒಂದರ ಮೇಲೊಂದು ಬಿದ್ದು ಆದ ಸಂದಿ, ಮಳೆ ಬಂದರೆ ನೀರು ಹರಿದು ಹೋಗುತ್ತೆ. ಥಾಮ್ ಲುವಾಂಗ್ ಸುಣ್ಣಕಲ್ಲಿನ ಬೆಟ್ಟ. ನೀರೇ ಕೊರೆದು ಮಾಡಿದ ಗುಹೆ, ಮೇಲಿನ ತೂತುಗಳಿಂದ ಮಳೆನೀರು ಇಳಿದು ಒಳಗೇ ತುಂಬುತ್ತೆ. ಬರೀ ಬಾಗಿಲಲ್ಲಿ ಪಂಪಿಟ್ಟರೆ ಸಾಲದು, ಮೇಲೆ ಇಳಿಯುವ ನೀರನ್ನೇ ತಡೆಯಬೇಕು. ಒಬ್ಬ ಥಾಯ್ ಅಂತರ್ಜಲ ಎಂಜಿನಿಯರ್ ಊರಿನವರನ್ನು ಕಟ್ಟಿಕೊಂಡು ಬೆಟ್ಟ ಹತ್ತಿ, ಕಾಲುವೆ ಮಾಡಿ, ಬಿದಿರು ಸೀಳಿ ನೀರಿನ ದಾರಿ ತಿರುಗಿಸುತ್ತಾನೆ. ಆ ನೀರು ಹೋಗಿ ಬೀಳುವುದು ಕೆಳಗಿನ ಭತ್ತದ ಗದ್ದೆಗಳಿಗೆ. ರೈತರನ್ನು ಕೇಳುತ್ತಾರೆ, ಬೆಳೆ ಹೋಗುತ್ತೆ ಅಂತ ಗೊತ್ತಿದ್ದೂ ಅವರು ಒಪ್ಪುತ್ತಾರೆ. ತುಂಬ ಚಿಕ್ಕ ದೃಶ್ಯ. ನನ್ನ ಅಪ್ಪ ಟೊಮೆಟೊ ಬೆಳೆದವರು, ಒಂದು ಫಸಲು ಹೋದರೆ ಮನೆಯಲ್ಲಿ ಏನಾಗುತ್ತೆ ಅಂತ ಕಂಡವನು ನಾನು. ಅಲ್ಲಿ ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ನಮ್ಮ ಕಿರ್ಲೋಸ್ಕರ್ ಕಂಪನಿಯ ಪರಿಣತರೂ ಆ ಗುಹೆಯ ನೀರು ತೆಗೆಯಲು ಹೋಗಿದ್ದರು. ಇನ್ನೊಂದು ವಿಷಯ, ಇದು ನಿಜವಾಗಿ ನಡೆದದ್ದು: ಕೊನೆಯ ದಿನ ಹುಡುಗರು, ಕೋಚು ಎಲ್ಲ ಹೊರಗೆ ಬಂದ ಮೇಲೆ ಮುಖ್ಯ ಪಂಪು ಕೈಕೊಟ್ಟು, ಇನ್ನೂ ಒಳಗಿದ್ದ ರಕ್ಷಣಾ ಸಿಬ್ಬಂದಿ ಏರುವ ನೀರಿನ ಮುಂದೆ ಓಡಿ ಬಂದರು. ಅಷ್ಟು ದಿನ ಬಿಡದೆ ಓಡಿದ ಮೋಟರು. ನಮ್ಮ ಕೆಲಸದವರಿಗೆ ಆ ಮೋಟರಿನ ಬೆಲೆ ಗೊತ್ತು.

ಇನ್ನು ನೀರೊಳಗಿನ ಭಾಗ. ಇದು ಸಿನಿಮಾದ ಜೀವ. ಸಂಗೀತ ಹಿಂದೆ ಸರಿದು, ಉಸಿರಿನ ಗುಳುಗುಳು, ಸಿಲಿಂಡರ್ ಕಲ್ಲಿಗೆ ತಾಗುವ ಟಣ್ ಎನ್ನುವ ಸದ್ದು ಇವೇ ಮುಂದೆ ಬರುತ್ತವೆ. ಎಷ್ಟು ದೂರ ಬಂದೆವು ಅಂತ ಆಗಾಗ ಪರದೆಯ ಮೇಲೇ ನಕ್ಷೆ ತೋರಿಸುತ್ತಾರೆ, ಹಾಗಾಗಿ ನಾವೂ ದಾರಿ ಲೆಕ್ಕ ಹಾಕುತ್ತಾ ಕೂರುತ್ತೇವೆ. ಮುಳುಗು ಗೊತ್ತಿಲ್ಲದ ಹುಡುಗ ನೀರೊಳಗೆ ಗಾಬರಿಯಾದರೆ ತಾನೂ ಹೋಗುತ್ತಾನೆ, ತರುವವನನ್ನೂ ಮುಳುಗಿಸುತ್ತಾನೆ. ಅದಕ್ಕೇ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ ರಿಚರ್ಡ್ ಹ್ಯಾರಿಸ್ ಮಕ್ಕಳಿಗೆ ಕೆಟಮಿನ್ ಕೊಟ್ಟು ಪ್ರಜ್ಞೆ ತಪ್ಪಿಸುತ್ತಾರೆ. ಮುಖಕ್ಕೆ ಪೂರ್ತಿ ಮಾಸ್ಕ್, ಕೈ ಹಿಂದಕ್ಕೆ ಕಟ್ಟು. ದಾರಿಯಲ್ಲಿ ಎಚ್ಚರವಾಗುವ ಹಾಗೆ ಕಂಡರೆ ಮುಳುಗುಗಾರನೇ ಇನ್ನೊಂದು ಸೂಜಿ ಚುಚ್ಚಬೇಕು. ಹ್ಯಾರಿಸ್ ಪಾತ್ರ ಮಾಡಿದ ಜೋಯಲ್ ಎಡ್ಜರ್ಟನ್ ಮುಖವನ್ನು ನೋಡಿ. ಮಗುವಿನ ತಲೆ ನೀರಿಗೆ ಒತ್ತಿ, ಉಸಿರಾಡುತ್ತಿದೆಯಾ ಅಂತ ಗುಳ್ಳೆಗೆ ಕಾಯುವ ಆ ಹೊತ್ತು ನನ್ನ ಹೆಂಡತಿ ಮಗನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವನಿಗೂ ಹನ್ನೆರಡು ವರ್ಷ.

ಕೊರತೆ ಇಲ್ಲ ಅನ್ನಲಾರೆ. ಒಳಗೆ ಕತ್ತಲಲ್ಲಿ ಆ ಮಕ್ಕಳು ಹೇಗೆ ದಿನ ಕಳೆದರು, ಕೋಚು ಅವರಿಗೆ ಧ್ಯಾನ ಹೇಳಿಕೊಟ್ಟು ಹೇಗೆ ಕಾಪಾಡಿಕೊಂಡ ಎನ್ನುವುದಕ್ಕೆ ಸಿನಿಮಾ ಕೊಡುವ ಜಾಗ ತೀರಾ ಕಡಿಮೆ. ಹೊರಗಿನಿಂದ ಬಂದವರ ಮಾತೇ ಜಾಸ್ತಿ. ಪ್ರಾಣ ಕೊಟ್ಟ ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನಾನ್ ಅವರ ಮನೆಯ ಕಡೆ ಇನ್ನೂ ಸ್ವಲ್ಪ ಹೊತ್ತು ಕ್ಯಾಮೆರಾ ನಿಲ್ಲಬೇಕಿತ್ತು.

ಬೇರೆಯವುಗಳ ಜೊತೆ ಹೋಲಿಸಿದರೆ, 2005ರ ‘ದಿ ಡಿಸೆಂಟ್’ನಲ್ಲಿ ಹೆಂಗಸೊಬ್ಬಳು ಕಿರಿದಾದ ಸಂದಿಯಲ್ಲಿ ಸಿಕ್ಕಿಕೊಳ್ಳುವ ದೃಶ್ಯ ನನ್ನ ಅಂತರಗಂಗೆಯನ್ನೇ ಕಣ್ಣಮುಂದೆ ತಂದಿತು. ಆಮೇಲೆ ರಾಕ್ಷಸರು ಬರುತ್ತಾರೆ, ಗುಹೆಯ ಭಯ ಹೋಗುತ್ತದೆ. ಮಲಯಾಳದ ‘ಮಂಜುಮ್ಮೆಲ್ ಬಾಯ್ಸ್’ ಮಾತ್ರ ಇದಕ್ಕೆ ಸರಿಸಮ. ಕೊಡೈಕೆನಾಲ್‌ನ ಗುಣ ಗುಹೆಯಲ್ಲಿ 2006ರಲ್ಲಿ ನಡೆದ ಘಟನೆ. ಆರಂಭದಲ್ಲಿ ಹಗ್ಗಜಗ್ಗಾಟ ಆಡುವ ಗೆಳೆಯರೇ ಕೊನೆಗೆ ಜೀವ ಕಟ್ಟಿದ ಹಗ್ಗ ಎಳೆಯುತ್ತಾರೆ. ಎಳೆಯುವವರ ಹಿಮ್ಮಡಿ ಮಣ್ಣಲ್ಲಿ ಊರುವುದು ನೋಡುವಾಗ, ನನ್ನ ಕಾಲು ಹಿಡಿದಿದ್ದ ಗೆಳೆಯನ ಕೈಬಿಸಿ ನೆನಪಾಯಿತು. ಸಿನಿಮಾ ಮುಗಿದ ಕೂಡಲೇ ಅವನಿಗೆ ಫೋನ್ ಮಾಡಿದ್ದೆ.

‘ಥರ್ಟೀನ್ ಲೈವ್ಸ್’ ಎರಡೂವರೆ ಗಂಟೆ ಹತ್ತಿರ ಇದೆ. ಮೊಬೈಲಿನಲ್ಲಿ ನೋಡಬೇಡಿ, ಕತ್ತಲೆ ದೃಶ್ಯಗಳು ಕಾಣುವುದಿಲ್ಲ. ದೀಪ ಆರಿಸಿ, ಟಿವಿಯ ಸದ್ದು ಜಾಸ್ತಿ ಇಟ್ಟುಕೊಳ್ಳಿ. ಥಾಯ್ ಮಾತು ಬಹಳ ಇದೆ, ಮಕ್ಕಳಿಗೆ ಅಡಿಬರಹ ಓದಿ ಹೇಳಬೇಕಾಗುತ್ತದೆ. ಗದ್ದೆಯ ದೃಶ್ಯ ಬಂದಾಗ ಯಾರೂ ಎದ್ದು ಅಡುಗೆಮನೆಗೆ ಹೋಗಬೇಡಿ, ಬೇಗ ಮುಗಿದುಹೋಗುತ್ತದೆ.