ಮೊಗಾಮಿ 2524 ವಯರ್, ನ್ಯೂಟ್ರಿಕ್ ಜ್ಯಾಕ್: ಮಂಗಳೂರಿನ ಹವೆಗೆ ಹೇಗೆ?

ರೋಸ್ (ಮಂಗಳೂರಿನ ಕ್ರಿಶ್ಚಿಯನ್ನರ ಮದುವೆಗೆ ಮುಂಚಿನ ಶಾಸ್ತ್ರ) ಇರಲಿ, ಚರ್ಚಿನ ಹಬ್ಬದ ಸ್ಟೇಜ್ ಇರಲಿ, ಗಿಟಾರ್ ನಡುವಲ್ಲಿ ಕರಕರ ಎಂದರೆ ಮೊದಲು ನೋಡಬೇಕಾದ್ದು ಕೇಬಲಿನ ತುದಿ. ಅಚ್ಚು ಹಾಕಿದ ರೆಡಿಮೇಡ್ ಜ್ಯಾಕನ್ನು ಬಿಚ್ಚಿ ಸರಿಮಾಡಲಿಕ್ಕೆ ಆಗುವುದಿಲ್ಲ. ಅದಕ್ಕೇ 6 ಮೀಟರ್ ಮೊಗಾಮಿ 2524 ಗಿಟಾರ್ ವಯರ್, ಎರಡು ನ್ಯೂಟ್ರಿಕ್ ಎನ್‌ಪಿ2ಎಕ್ಸ್ ಜ್ಯಾಕ್ ತರಿಸಿ ಕೈಯಾರೆ ಮಾಡಿಕೊಳ್ಳುವುದು ಲಾಭ.

ಮೊದಲು ಸ್ವರದ ವಿಷಯ. ಈ ವಯರಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ; ಹೆಚ್ಚಿದಷ್ಟೂ ಮೇಲಿನ ಸ್ವರ ಮಂಕು) ಮೀಟರಿಗೆ ಸುಮಾರು 130 ಪಿಕೋಫ್ಯಾರಡ್. 6 ಮೀಟರಿಗೆ 780. ಇನ್ನೊಂದು ಗಿಟಾರ್ ವಯರ್ ಕನಾರೆ ಜಿಎಸ್-6ರದ್ದು ಮೀಟರಿಗೆ 160, ಅಂದರೆ 960. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್ ಇರುವ) ಗಿಟಾರನ್ನು ನೇರ ಆಂಪ್‌ಗೆ ಚುಚ್ಚುವವರಿಗೆ ಮೇಲಿನ ಸ್ವರದ ಹೊಳಪು ಮೊಗಾಮಿಯಲ್ಲಿ ತುಸು ಹೆಚ್ಚು ಉಳಿಯುತ್ತದೆ. ಬಫರ್ (ಸಿಗ್ನಲಿಗೆ ಬಲ ಕೊಡುವ ಸರ್ಕ್ಯೂಟ್) ಇರುವ ಪೆಡಲ್ ದಾಟಿದ ಮೇಲೆ ಈ ಲೆಕ್ಕಕ್ಕೆ ಬೆಲೆ ಇಲ್ಲ.

ಕೆಲಸ ಕೆಡುವುದು ಕಪ್ಪು ಪದರದಲ್ಲಿ. ಶೀಲ್ಡಿನ (ಹೊರಗಿನ ಗದ್ದಲ ಒಳಬರದಂತೆ ತಡೆಯುವ ಪದರದ) ತಾಮ್ರದ ಎಳೆಗಳನ್ನು ಬಿಡಿಸಿದರೆ ಒಳಗೆ ತೆಳುವಾದ ಕಪ್ಪು ಪಿವಿಸಿ ಕಾಣುತ್ತದೆ. ಬರೀ ಇನ್ಸುಲೇಶನ್ ಎಂದು ಹಾಗೆಯೇ ಬಿಟ್ಟಿರೋ, ಕೆಟ್ಟಿರಿ: ಅದರಲ್ಲಿ ಕಾರ್ಬನ್ ಉಂಟು, ಕರೆಂಟ್ ಹಾಯುತ್ತದೆ. ಕೇಬಲ್ ತುಳಿದಾಗ ಬರುವ ಸದ್ದು ತಗ್ಗಲಿ ಎಂದೇ ಅದನ್ನು ಹಾಕಿರುವುದು. ಆದರೆ ನಡುವಿನ ತಂತಿಗೆ ತಾಗಿದರೆ ಸಿಗ್ನಲ್ ಸೋರಿ ಸ್ವರ ಮಂಕಾಗುತ್ತದೆ. ಈ ಕಪ್ಪು ಪದರವನ್ನು ಒಳ ಇನ್ಸುಲೇಶನ್ ತುದಿಯಿಂದ 4 ಮಿ.ಮೀ. ಹಿಂದಕ್ಕೆ ಉಗುರಿನಿಂದಲೇ ಸುಲಿದು ತೆಗೆಯಿರಿ. ಮಲ್ಟಿಮೀಟರಿನ ಬೀಪ್ ಈ ತಪ್ಪನ್ನು ಹಿಡಿಯುವುದಿಲ್ಲ ಮಾರಾಯ್ರೇ. ಅದನ್ನು ರೆಸಿಸ್ಟೆನ್ಸ್ ಅಳೆಯುವ 20 ಮೆಗಾಓಮ್‌ಗೆ ತಿರುಗಿಸಿ ಟಿಪ್-ಸ್ಲೀವ್ (ಜ್ಯಾಕಿನ ತುದಿ ಮತ್ತು ಉಳಿದ ಕೊಳವೆ) ನಡುವೆ ನೋಡಿ. ಯಾವುದೇ ಅಂಕಿ ಬಂತೆಂದರೆ ಬಿಚ್ಚಿ ಮತ್ತೊಮ್ಮೆ ಮಾಡಬೇಕು.

ಸೋಲ್ಡರಿಗೆ (ಬೆಸುಗೆಗೆ) 63/37, ಅಂದರೆ 63 ಪಾಲು ತವರ, 37 ಪಾಲು ಸೀಸ, ಒಳ್ಳೆಯದು: 183 ಡಿಗ್ರಿಗೆ ಒಂದೇ ಸಲ ಕರಗಿ ಒಂದೇ ಸಲ ಗಟ್ಟಿಯಾಗುತ್ತದೆ. ಸೋಲ್ಡರಿಂಗ್ ಐರನ್ 350 ಡಿಗ್ರಿಯಲ್ಲಿರಲಿ. ತಂತಿಗೂ ಜ್ಯಾಕಿನ ಕಿವಿಗೂ (ತಂತಿ ಬೆಸೆಯುವ ಜಾಗಕ್ಕೂ) ಮೊದಲೇ ಬೇರೆಬೇರೆಯಾಗಿ ಸೋಲ್ಡರ್ ಹಚ್ಚಿ, ಆಮೇಲೆ ಜೋಡಿಸಿ. ಹೆಚ್ಚು ಹೊತ್ತು ಒತ್ತಿಹಿಡಿದರೆ ಒಳ ಇನ್ಸುಲೇಶನ್ ಮೆತ್ತಗಾಗಿ ತಂತಿ ಪಕ್ಕಕ್ಕೆ ಜಾರುತ್ತದೆ. ಜ್ಯಾಕಿನ ಹಿಂಬದಿಯ ಕವಚವನ್ನು ಕೇಬಲಿಗೆ ಮೊದಲೇ ತೂರಿಸಿಕೊಳ್ಳಿ. ಎಲ್ಲರೂ ಮರೆಯುವುದು ಇದನ್ನೇ!

ಎನ್‌ಪಿ2ಎಕ್ಸ್ ಬಗ್ಗೆ ದೂರಿಲ್ಲ. ಒಳಗಿನ ಪ್ಲಾಸ್ಟಿಕ್ ಚಕ್ (ಹಿಡಿಕೆ) ಹೊರ ಕವಚವನ್ನು ತಿರುಗಿಸಿದಷ್ಟೂ ಕೇಬಲನ್ನು ಬಿಗಿಹಿಡಿಯುತ್ತದೆ. ಎಳೆತದ ಭಾರ ಸೋಲ್ಡರಿನ ಮೇಲೆ ಬೀಳುವುದಿಲ್ಲ. ಉಪ್ಪುಗಾಳಿಯ ನಮ್ಮಲ್ಲಿ ಚಿನ್ನದ ಲೇಪದ ಎನ್‌ಪಿ2ಎಕ್ಸ್-ಬಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ವಯರಿನ ಮೇಲೆ ಮಾತ್ರ ಎರಡು ದೂರು. ಶೀಲ್ಡ್ ಸುರುಳಿ ಸುತ್ತಿದ್ದು, ಹೆಣೆದದ್ದಲ್ಲ. ಬಿಡಿಸಲು ಸಲೀಸು, ಆದರೆ ಒಂದೇ ಕಡೆ ಮಡಚಿ ಮಡಚಿ ಸಂದು ಬಿಟ್ಟರೆ ಗುಂಯ್ ಸದ್ದು ನುಗ್ಗುತ್ತದೆ. ದಿನಾ ಸ್ಟೇಜಿನಲ್ಲಿ ತುಳಿಸಿಕೊಳ್ಳುವ ಕೇಬಲಿಗೆ ಹೆಣೆದ ಶೀಲ್ಡಿನ ಜಿಎಸ್-6 ವಾಸಿ. ಇನ್ನೊಂದು, ಶೀಲ್ಡಿನ ತಾಮ್ರಕ್ಕೆ ತವರದ ಲೇಪವಿಲ್ಲ. ಮಿಕ್ಕ ತುಂಡನ್ನು ಹಾಗೆಯೇ ಮೂಲೆಗೆ ಬಿಸಾಡಿದರೆ ಮಳೆಗಾಲ ಮುಗಿಯುವಾಗ ತುದಿಯಲ್ಲಿ ಕಿಲುಬು ಹಿಡಿದು ಸೋಲ್ಡರ್ ಅಂಟುವುದೇ ಇಲ್ಲ. ಕತ್ತರಿಸಿದ ಕೂಡಲೇ ತುದಿಗೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿಡಿ. ಕಿಲುಬು ಬಂದದ್ದಾದರೆ ಎರಡು ಇಂಚು ಕತ್ತರಿಸಿ ಬಿಟ್ಟು ಹೊಳೆಯುವ ತಾಮ್ರದಿಂದ ಶುರುಮಾಡಿ.