ಬೀಟೆಗೆ ಬಣ್ಣ ಬಳಿಯದ ಆಚಾರ್ರ ಶೆಡ್ಡು

ಚಿಕ್ಕಮಗಳೂರಿನ ಉಪ್ಪಳ್ಳಿ ಕಡೆ ಒಂದು ತಗಡಿನ ಶೆಡ್ಡಿದೆ. ಬೋರ್ಡಿಲ್ಲ. ಅಂಗಳದ ತುಂಬ ಮುರಿದ ಮಂಚ, ಕಿತ್ತ ಕಿಟಕಿ, ಕಾಲಿಲ್ಲದ ಮೇಜು. ನಮ್ಮ ಅಜ್ಜನ ಆರಾಮ ಕುರ್ಚಿಯನ್ನು ಇಲ್ಲೇ ಸರಿಮಾಡಿಸಿದೆವು. ಕೆಲಸ ನನಗೆ ತುಂಬಾ ಹಿಡಿಸಿತು.

ಕುರ್ಚಿ ಬೀಟೆಯದು. ಎಸ್ಟೇಟ್ ಬಂಗಲೆಗಳಲ್ಲಿ ಇರುತ್ತಲ್ಲ, ಕಾಲು ಚಾಚಿ ಇಡಲು ಉದ್ದ ಕೈ ಇರುವಂಥದ್ದು. ಬೆತ್ತ ಹರಿದು, ಹಿಂಗಾಲು ಅಲ್ಲಾಡುತ್ತಾ ಸೌದೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಬೇರೊಂದು ಅಂಗಡಿಯವರು ಪ್ಲೈವುಡ್ ಹಾಕಿ, ಫೋಮ್ ಕೂರಿಸಿ, ಕಪ್ಪು ಬಣ್ಣ ಹೊಡೆದು ಕೊಡ್ತೀವಿ ಅಂದಿದ್ದರು. ಬೀಟೆಗೆ ಬಣ್ಣ ಯಾಕೆ ಹೇಳಿ?

ಇಲ್ಲಿಯ ಆಚಾರ್ರು ಮೊದಲು ಕುರ್ಚಿಯನ್ನು ಬೋರಲು ಹಾಕಿದರು. ಉಳಿಯ ತುದಿಯಲ್ಲಿ ಅಲ್ಲಲ್ಲಿ ಚುಚ್ಚಿ ನೋಡಿ, "ಅಮ್ಮಾ, ಹುಳ ತಿಂದಿರೋದು ಬಿಳಿ ಮರ ಮಾತ್ರ. ಒಳಗಿನ ಚೇಗು ಗಟ್ಟಿ ಇದೆ" ಅಂದರು. ಪುಡಿ ಉದುರುತ್ತಿದ್ದ ಕಡೆ ಕೆತ್ತಿ ತೆಗೆದು, ಹಳೇ ಬಾಗಿಲೊಂದರ ಬೀಟೆ ತುಂಡನ್ನು ಕೂರಿಸಿದರು. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹೊಸ ಮರ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಇಂಥ ತುಂಡುಗಳನ್ನು ಅವರು ಜೋಪಾನವಾಗಿ ಎತ್ತಿಟ್ಟಿರುತ್ತಾರೆ. ತೇಪೆಯ ಗೆರೆ ಕಾಣುತ್ತದೆ, ಮುಚ್ಚಿಲ್ಲ. ನನಗೆ ಅದೇ ಇಷ್ಟ. ಅಜ್ಜನ ಕೈ ತಾಗಿ ತಾಗಿ ನುಣುಪಾಗಿದ್ದ ಜಾಗಕ್ಕಂತೂ ಉಪ್ಪುಕಾಗದ ಮುಟ್ಟಿಸಲೇ ಇಲ್ಲ.

ಬೆತ್ತ ಹೆಣೆಯಲು ಬೇರೆಯವರು ಬರುತ್ತಾರೆ. ರೆಡಿಮೇಡ್ ಹೆಣಿಗೆಯ ಹಾಳೆ ಹಾಕಿದರೆ ಅಗ್ಗ, ಆದರೆ ಅದಕ್ಕೆ ಚೌಕಟ್ಟನ್ನು ಸುತ್ತಲೂ ಕೊರೆಯಬೇಕು. ನಮ್ಮದರಲ್ಲಿ ಹಳೇ ತೂತುಗಳು ಹಾಗೇ ಇದ್ದವು. ಎಳೆಗಳನ್ನು ನೀರಲ್ಲಿ ನೆನೆಸಿ, ಆ ತೂತುಗಳಲ್ಲೇ ಪೋಣಿಸಿ ಕೈಯಲ್ಲಿ ಹೆಣೆದರು. ಒಣಗುತ್ತಾ ಬಂದಂತೆ ಅದು ಬಿಗಿದುಕೊಂಡಿತು. ಈಗ ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ ಸದ್ದು ಬರುತ್ತದೆ.

ಪಾಲಿಶ್ ಅರಗಿನದು. ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆ ಉಂಡೆಯಲ್ಲಿ ತೆಳ್ಳಗೆ ಪದರ ಪದರವಾಗಿ ಉಜ್ಜುತ್ತಾರೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಹಚ್ಚಿದರೆ ಬೆಳ್ಳಗೆ ಮಂಕು ಕಟ್ಟುತ್ತದಂತೆ. ಅದಕ್ಕೇ ಜಿಟಿಜಿಟಿ ಮಳೆ ಇರುವಾಗ ಮುಟ್ಟುವುದಿಲ್ಲ. ನಾವು ಆಷಾಢದಲ್ಲಿ ಕೊಟ್ಟಿದ್ದೆವು, ಕುರ್ಚಿ ಕೈಗೆ ಬರುವಾಗ ದಸರಾ ಮುಗಿದಿತ್ತು. ತಡವಾಗುತ್ತದೆ ಅಂತ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಫೋನ್ ಮಾಡಿದರೂ ಎತ್ತುವುದು ಅಪರೂಪ, ಹೋಗಿಯೇ ಕೇಳಬೇಕು.

ಜೊತೆಗೆ ಕಾಲು ಮುರಿದ ಒಂದು ಹಲಸಿನ ಮಂಚವನ್ನೂ ಕೊಟ್ಟಿದ್ದೆವು. ಅದು ಇನ್ನು ಮಂಚವಾಗಲ್ಲ ಅಂದವರೇ, ತಲೆಯ ಕಡೆಯ ಕೆತ್ತನೆ ಹಲಗೆಯನ್ನು ಒರಗು ಮಾಡಿ ಜಗಲಿಗೆ ಬೆಂಚು ಮಾಡಿಕೊಟ್ಟರು. ತೋಟದಲ್ಲಿ ಕಿತ್ತ ಹಳೇ ಕಾಫಿ ಗಿಡದ ಬುಡಗಳನ್ನು ಬೇರು ಸಮೇತ ಉಳಿಸಿಕೊಂಡು ಮಾಡಿದ ಟೀಪಾಯಿಗಳೂ ಅಲ್ಲಿವೆ. ಸುಮ್ನೆ ಸೌದೆಗೆ ಹೋಗುತ್ತಿದ್ದ ಮರ ಅಲ್ವಾ ಅದು! ಮುಂದಿನ ಸಲ ನಮ್ಮ ತೋಟದ್ದನ್ನೂ ಕೊಡುವವಳಿದ್ದೇನೆ.

ಕುರ್ಚಿಗೆ 7,000 ರೂಪಾಯಿ, ಬೆಂಚಿಗೆ 4,500. ಗೂಡ್ಸ್ ಆಟೋ ಬಾಡಿಗೆ ನಮ್ಮದೇ. ಕುಶನ್ ಬಟ್ಟೆ ಅವರಲ್ಲಿ ಚೆನ್ನಾಗಿಲ್ಲ, ಪೇಟೆಯಿಂದ ನೀವೇ ತಂದುಕೊಡಿ. ಪಾರ್ಟಿಕಲ್ ಬೋರ್ಡ್ ಸಾಮಾನು ಮಾತ್ರ ಒಯ್ಯಬೇಡಿ. ನೀರು ಕುಡಿದು ಉಬ್ಬಿದ್ದನ್ನು ಸರಿಮಾಡಲು ಆಗಲ್ಲ ಅಂತ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ.