ಟರ್ಮಿನಲ್ ಪರದೆ ಖಾಲಿ ಮಾಡಲು: ಕ್ಲಿಯರ್, ಕಂಟ್ರೋಲ್-ಎಲ್, ರೀಸೆಟ್

ಟರ್ಮಿನಲ್ ಎಂದರೆ ಕಮಾಂಡ್ ಟೈಪಿಸುವ ಕಿಟಕಿ. ಲಿನಕ್ಸ್ ಕಲಿಯುವವರಿಗೆ ಅದನ್ನು ಖಾಲಿ ಮಾಡಲು ಕ್ಲಿಯರ್, ರೀಸೆಟ್ ಎಂಬ ಎರಡು ಕಮಾಂಡ್, ಕಂಟ್ರೋಲ್-ಎಲ್ ಎಂಬ ಕೀಲಿ ಜೋಡಿ, ಹೀಗೆ ಮೂರು ದಾರಿ ಸಿಗುತ್ತವೆ. ಮೂರರಲ್ಲೂ ಪರದೆ ಖಾಲಿಯಾಗುತ್ತದೆ, ಆದರೆ ಒಳಗಿನ ಕೆಲಸ ಬೇರೆ.

ದಿನನಿತ್ಯಕ್ಕೆ ಕಂಟ್ರೋಲ್-ಎಲ್ ಸಾಕು. ಬ್ಯಾಶ್‌ನಲ್ಲಿ (ಕಮಾಂಡ್ ಓದಿ ನಡೆಸುವ ಶೆಲ್‌ಗಳಲ್ಲಿ ಒಂದು) ಅರ್ಧ ಟೈಪ್ ಮಾಡಿದ ಸಾಲು ಹಾಗೆಯೇ ಮೇಲಕ್ಕೆ ಬಂದು ನಿಲ್ಲುತ್ತದೆ, ಸ್ಕ್ರೋಲ್ ಮಾಡಿದರೆ ಹಳೆಯ ಔಟ್‌ಪುಟ್ ಸಾಮಾನ್ಯವಾಗಿ ಸಿಗುತ್ತದೆ. ಪ್ರೋಗ್ರಾಂ ಓಡುತ್ತಿರುವಾಗ ಮಾತ್ರ ಒತ್ತಿ ಪ್ರಯೋಜನವಿಲ್ಲ. ಆ ಕೀಲಿಯನ್ನು ಓದಲು ಆಗ ಶೆಲ್ ಕಾಯುತ್ತಿರುವುದಿಲ್ಲ.

ಕ್ಲಿಯರ್ ಸ್ಕ್ರಿಪ್ಟ್‌ಗೆ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಒಳ್ಳೆಯದು. ಇಂದಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ, ಟರ್ಮಿನಲ್ ಒಪ್ಪಿದರೆ, ಅದು ಸ್ಕ್ರೋಲ್‌ಬ್ಯಾಕನ್ನೂ (ಮೇಲೆ ಸರಿದ ಹಳೆಯ ಔಟ್‌ಪುಟ್) ಅಳಿಸುತ್ತದೆ. ಎರರ್ ಸಂದೇಶವನ್ನು ಇನ್ನೊಮ್ಮೆ ಓದಬೇಕಿದ್ದರೆ ಇದೇ ಅಪಾಯ. ಕ್ಲಿಯರ್ ನಂತರ ಸ್ಪೇಸ್ ಬಿಟ್ಟು ಹೈಫನ್-ಎಕ್ಸ್ ಸೇರಿಸಿ, ಹಳೆಯದು ಉಳಿಯುತ್ತದೆ. ಟರ್ಮಿನಲ್‌ನ ಬಗೆ ಹೇಳುವ ‘ಟರ್ಮ್’ ವೇರಿಯಬಲ್ ಸೆಟ್ ಆಗಿಲ್ಲ ಎಂಬ ದೂರು ಬಂದರೆ (ನಿಗದಿತ ಸಮಯಕ್ಕೆ ಸ್ಕ್ರಿಪ್ಟನ್ನು ತಾನೇ ಓಡಿಸುವ ಕ್ರಾನ್‌ನಲ್ಲಿ ಆಗುವುದುಂಟು) ಆ ಸ್ಕ್ರಿಪ್ಟ್‌ನಿಂದ ಕ್ಲಿಯರ್ ತೆಗೆದುಬಿಡಿ. ನೋಡುವವರಿಲ್ಲದ ಪರದೆಯನ್ನು ಒರೆಸುವುದೇಕೆ?

ರೀಸೆಟ್ ನಿಜಕ್ಕೂ ದುರಸ್ತಿಯ ಕಮಾಂಡ್. ಬೈನರಿ ಫೈಲನ್ನು (ಪಠ್ಯವಲ್ಲದ ಫೈಲ್) ಕ್ಯಾಟ್ ಕಮಾಂಡ್‌ನಿಂದ ಪರದೆಗೆ ತಂದು ಅಕ್ಷರಗಳೆಲ್ಲ ವಿಚಿತ್ರ ಗೆರೆಗಳಾದಾಗ, ಟೈಪಿಸಿದ್ದು ಕಾಣದಿದ್ದಾಗ ಬೇಕಾಗುವುದು ಇದೇ. ಕಾಣದಿದ್ದರೂ ರೀಸೆಟ್ ಎಂದು ಟೈಪಿಸಿ ಎಂಟರ್ ಒತ್ತಿ. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್-ಜೆ, ರೀಸೆಟ್, ಮತ್ತೆ ಕಂಟ್ರೋಲ್-ಜೆ. ಬರೀ ಪರದೆ ಒರೆಸಲು ಇದನ್ನು ಬಳಸಬೇಡಿ, ಸುಮ್ಮನೆ ಒಂದು ಸೆಕೆಂಡ್ ಕಾಯಿಸುತ್ತದೆ.

ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಎಲ್‌ಎಸ್. ಪವರ್‌ಶೆಲ್‌ನಲ್ಲಿ ಸಿಎಲ್‌ಎಸ್, ಕ್ಲಿಯರ್ ಎರಡೂ ನಡೆಯುತ್ತವೆ.

ಪಾಸ್‌ವರ್ಡನ್ನು ಕಮಾಂಡ್‌ನಲ್ಲೇ ಟೈಪಿಸಿದ್ದರೆ ಈ ಯಾವುದೂ ರಕ್ಷಣೆಯಲ್ಲ. ಮೇಲಿನ ಬಾಣದ ಕೀಲಿ ಒತ್ತಿದರೆ ಅದು ಶೆಲ್‌ನ ಹಿಸ್ಟರಿಯಿಂದ ಮತ್ತೆ ಬರುತ್ತದೆ.